‘ನಾಳೆ ನೆನಪಿಸು’ ಅಂದ್ರೆ ಎಐಗೆ ಏನರ್ಥ ಆಗುತ್ತೆ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ನಿಂತಿದ್ದೀರ ಅಂದ್ಕೊಂಡು ಶುರು ಮಾಡ್ತೀನಿ. ಇವತ್ತಿನ ಕತೆ ನಾನೇ ಮಾಡಿಕೊಂಡ ಎಡವಟ್ಟಿನದು. ಬೈಸಿಕೊಂಡಿದ್ದು ನಾನು, ತೊಂದರೆ ಆಗಿದ್ದು ಅಮ್ಮಂಗೆ.

ಅಮ್ಮ ಸಾಗರದಲ್ಲಿದ್ದಾರೆ, ನಾನು ಬೆಂಗಳೂರಲ್ಲಿ. ಅವರಿಗೆ ಶುಗರ್ ಇದೆ. ಖಾಲಿ ಹೊಟ್ಟೆಯ ಟೆಸ್ಟ್ ಅಂದ್ರೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು ಅನ್ನೋದು ನಿಮಗೂ ಗೊತ್ತಿರುತ್ತೆ. ಟೆಸ್ಟ್ ದಿನ ಬೆಳಗ್ಗೆ ನೆನಪಿಸೋಕೆ ಒಂದು ಪುಟ್ಟ ಎಐ ಏಜೆಂಟ್ ಮಾಡಿದೆ. ಕೋಡ್ ಬರೆಯೋದೇ ನನ್ನ ಕೆಲಸ, ಅದರಲ್ಲಿ ಕಷ್ಟ ಏನಿರಲಿಲ್ಲ. ಫೋನ್ ಮಾಡಿ ಹೇಳಬಹುದಿತ್ತಲ್ಲ ಅಂತೀರಾ? ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಇದು ಹೇಗೆ ಕೆಲಸ ಮಾಡುತ್ತೆ ನೋಡೋಣ. ನೀವು ಪ್ರಶ್ನೆ ಕೇಳಿದಾಗ ಎಐ ಮಾದರಿ ಉತ್ತರ ಕೊಡುತ್ತೆ, ಅಲ್ಲಿಗೆ ಅದರ ಕೆಲಸ ಮುಗೀತು. ಆಮೇಲೆ ಅದು ಎಲ್ಲೋ ಕೂತು ಗಡಿಯಾರ ನೋಡ್ತಾ ಇರಲ್ಲ. ‘ನಾಳೆ ಹೇಳ್ತೀನಿ’ ಅಂತ ಅದು ಎಷ್ಟು ಚೆನ್ನಾಗಿ ಹೇಳಿದ್ರೂ, ಹಿಂದೆ ಬೇರೆ ವ್ಯವಸ್ಥೆ ಇಲ್ಲದಿದ್ರೆ ಆ ನಾಳೆ ಬರೋದೇ ಇಲ್ಲ.

ಬೆಂಗಳೂರಿಂದ ರಾತ್ರಿ ಬಸ್ ಹತ್ತಿ, ‘ಸಾಗರ ಬಂದಾಗ ಎಬ್ಬಿಸಿ ಸಾರ್’ ಅಂತ ಕಂಡಕ್ಟರ್‌ಗೆ ಹೇಳಿ ಮಲಗ್ತೀವಲ್ಲ, ಹಾಗೆ. ಆ ಕಂಡಕ್ಟರ್ ಕೆಲಸ ಮಾಡೋದು ಶೆಡ್ಯೂಲರ್. ಇದೇನು ಹೊಸದಲ್ಲ. ಯುನಿಕ್ಸ್ ಕಂಪ್ಯೂಟರ್‌ಗಳಲ್ಲಿ ಕ್ರಾನ್ ಅನ್ನೋ ಪ್ರೋಗ್ರಾಂ 1970ರ ದಶಕದಿಂದಲೂ ಇದನ್ನೇ ಮಾಡ್ತಿದೆ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ, ಈ ಐದು ಬರೆದುಕೊಟ್ಟರೆ ಆ ಹೊತ್ತಿಗೆ ಹೇಳಿದ ಕೆಲಸ ಶುರು ಮಾಡುತ್ತೆ. ಈಗ ಹೊಸದೇನಂದ್ರೆ, ಆ ಚೀಟಿಯನ್ನ ಏಜೆಂಟೇ ಬರೆಯುತ್ತೆ. ‘ಫಾಲೋ-ಅಪ್ ಹಾಕು’ ಅನ್ನೋ ಒಂದು ಟೂಲ್ ಅದರ ಕೈಗೆ ಕೊಟ್ಟಿರ್ತೀವಿ. ಯಾವಾಗ, ಏನು ಮಾಡಬೇಕು ಅಂತ ಅದು ತುಂಬಿಸುತ್ತೆ. ಚಾಟ್‌ಜಿಪಿಟಿಯಲ್ಲೂ 2025ರ ಜನವರಿಯಲ್ಲಿ ಟಾಸ್ಕ್ಸ್ ಅಂತ ಇಂಥದ್ದು ಬಂತು. ಒಂದು ಸಲಕ್ಕೆ 10 ಟಾಸ್ಕ್ ಮಾತ್ರ ಅಂತ ಮಿತಿ ಇಟ್ಟಿದ್ರು. ಆಗ ನನಗೆ ಇದೇನು ಇಷ್ಟು ಜಿಪುಣತನ ಅನಿಸಿತ್ತು. ಈಗ ಅನಿಸಲ್ಲ.

ಸರಿ, ಟೆಸ್ಟ್ ದಿನ. ‘ಬೆಳಗ್ಗೆ 6ಕ್ಕೆ ಅಮ್ಮಂಗೆ ಮೆಸೇಜ್ ಹಾಕು’ ಅಂದಿದ್ದೆ. ಏಜೆಂಟ್ 6 ಅಂತಲೇ ಬರೆದಿತ್ತು. ಆದ್ರೆ ನನ್ನ ಸರ್ವರ್‌ನ ಗಡಿಯಾರ ಇದ್ದದ್ದು ಯುಟಿಸಿಯಲ್ಲಿ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಮೆಸೇಜ್ ಹೋಗಿದ್ದು 11:30ಕ್ಕೆ.

ಅಮ್ಮ ಫೋನ್ ಮಾಡಿದ್ರು. ‘ಅಲ್ವೇ, ದೋಸೆ ತಿಂದು, ಕಾಫಿ ಕುಡಿದು, ಮಾತ್ರೆನೂ ತಗೊಂಡಾಯ್ತು. ಈಗ ಖಾಲಿ ಹೊಟ್ಟೇಲಿರು ಅಂದ್ರೆ ಹೇಗೇ?’ ಅಂತ. ಸಂಜೆ ಡಾಕ್ಟರ್ ಹತ್ರ ರಿಪೋರ್ಟ್ ಇಲ್ಲದೇ ಹೋದ್ರು. ಡೋಸ್ ಬದಲಾಯಿಸಬೇಕೋ ಬೇಡವೋ ಅಂತ ನಿರ್ಧಾರ ಆಗಬೇಕಿತ್ತು, ಅದು ಮುಂದಕ್ಕೆ ಹೋಯ್ತು.

ಟೈಮ್‌ಝೋನ್ ಸರಿ ಮಾಡಿದೆ. ಎರಡನೇ ಸಲ ಮೆಸೇಜ್ ಸರಿಯಾಗಿ 6ಕ್ಕೆ ಹೋಯ್ತು, ರಕ್ತ ಕೊಟ್ಟು ಬಂದ್ರು. ಆಮೇಲೆ ಏಜೆಂಟ್ ತಾನೇ ಒಂದು ಫಾಲೋ-ಅಪ್ ಹಾಕಿಕೊಳ್ತು: ‘ರಿಪೋರ್ಟ್ ಬಗ್ಗೆ ಕೇಳು’. ಅಷ್ಟೇ. ಯಾರ ರಿಪೋರ್ಟ್, ಯಾತಕ್ಕೆ, ಒಂದೂ ಇಲ್ಲ. ನೋಡಿ, ನಾವು ಬಸ್ಸಲ್ಲಿ ಎದ್ದಾಗ ಎಲ್ಲಿಗೆ ಹೊರಟಿದ್ವಿ ಅಂತ ನೆನಪಿರುತ್ತೆ. ನಾನು ಮಾಡಿದ ಏಜೆಂಟ್‌ಗೆ ಆ ನೆನಪೂ ಇರಲ್ಲ, ಜೇಬಲ್ಲಿರೋ ಚೀಟಿಯಲ್ಲಿ ಬರೆದಿದ್ದಷ್ಟೇ ಅದರ ಪ್ರಪಂಚ. ಮರುದಿನ ಎದ್ದು ಅದು ನನಗೇ ಕೇಳ್ತು, ‘ಆಫೀಸ್ ರಿಪೋರ್ಟ್ ಕಳಿಸಿದ್ರಾ?’

ಇದಕ್ಕೆ ನಕ್ಕಿದ್ದೆ. ಮುಂದಿನದ್ದಕ್ಕೆ ನಗು ಬರಲಿಲ್ಲ.

‘ಅಮ್ಮ ಉತ್ತರ ಕೊಡದಿದ್ರೆ ಗಂಟೆಗೊಂದು ಸಲ ಮತ್ತೆ ಕೇಳು’ ಅಂತ ಸೇರಿಸಿದೆ. ಏಜೆಂಟ್ ಗಂಟೆಗೊಮ್ಮೆ ಓಡೋ ಟಾಸ್ಕ್ ಒಂದನ್ನ ಹಾಕ್ತು. ಆ ಟಾಸ್ಕ್ ಓಡಿದಾಗ, ಉತ್ತರ ಬಂದಿಲ್ಲ ಅಂತ ನೋಡಿ ಇನ್ನೊಂದು ಅಂಥದ್ದೇ ಟಾಸ್ಕ್ ಹಾಕ್ತು. ಹಳೇದನ್ನ ತೆಗೀಲಿಲ್ಲ, ತೆಗೆಯೋ ಟೂಲ್ ನಾನು ಕೊಟ್ಟಿದ್ರೆ ತಾನೇ! ಒಂದು ಎರಡಾಯ್ತು, ಎರಡು ನಾಲ್ಕಾಯ್ತು. ಅಮ್ಮ ಫೋನ್ ಚಾರ್ಜಿಗೆ ಹಾಕಿ ನೆಂಟರ ಮನೆಗೆ ಹೋಗಿದ್ರು. ಐದು ಗಂಟೆ ಆದ್ಮೇಲೆ ಬಂದು ನೋಡಿದ್ರೆ, ನನ್ನ ಹೆಸರಲ್ಲಿ 31 ಮೆಸೇಜ್. ‘ಅಮ್ಮಾ, ರಿಪೋರ್ಟ್ ಏನಾಯ್ತು?’, ‘ಅಮ್ಮಾ, ದಯವಿಟ್ಟು ಉತ್ತರಿಸಿ’.

ಕೈ ನಡುಗ್ತಾ ಫೋನ್ ಮಾಡಿದ್ರು. ‘ಏನಾಯ್ತೇ? ಯಾರಿಗೆ ಏನಾಯ್ತು?’ ಮೊದಲು ಹೇಳಿದ್ದೇ ಅದು. ಶುಗರ್ ರಿಪೋರ್ಟ್ ವಿಷಯ ಅವರ ತಲೆಯಲ್ಲೇ ಇರಲಿಲ್ಲ. ನಾನು ಆಫೀಸಲ್ಲಿ ಮೀಟಿಂಗಲ್ಲಿದ್ದೆ, ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ಎತ್ತಿದೆ.

ಆ ರಾತ್ರಿ ಕೂತು ಬದಲಾಯಿಸಿದ್ದು ಇಷ್ಟು. ಪ್ರತಿ ಫಾಲೋ-ಅಪ್‌ಗೂ ಒಂದು ಗುರುತು, ಅದೇ ಗುರುತಿನದು ಆಗಲೇ ಇದ್ರೆ ಇನ್ನೊಂದು ಹಾಕೋಕಾಗಲ್ಲ. ಹೆಚ್ಚೆಂದರೆ ಮೂರು ಸಲ, ಆಮೇಲೆ ತಾನಾಗೇ ನಿಲ್ಲುತ್ತೆ. ಬಾಕಿ ಇರೋದನ್ನೆಲ್ಲ ತೋರಿಸೋಕೆ ಒಂದು ಟೂಲ್, ರದ್ದು ಮಾಡೋಕೆ ಒಂದು. ಬೇರೆಯವರಿಗೆ ಹೋಗೋ ಮೆಸೇಜ್ ಆದ್ರೆ ನಾನು ಓಕೆ ಅನ್ನಬೇಕು. ನಿಮ್ಮಲ್ಲಿ ಯಾರಾದ್ರೂ ಇಂಥದ್ದು ಮಾಡ್ತಿದ್ರೆ, ದಯವಿಟ್ಟು ರದ್ದು ಮಾಡೋ ಟೂಲ್ ಮೊದಲು ಬರೀರಿ, ಹಾಕೋದು ಆಮೇಲೆ.

ಫೋನ್ ಯಾಕೆ ಮಾಡಲಿಲ್ಲ ಅಂದ್ರಲ್ಲ. ನಿಜ ಹೇಳ್ತೀನಿ, ಬೆಳಗ್ಗೆ 6ಕ್ಕೆ ನಾನು ಏಳಲ್ಲ. ಅಷ್ಟೇ ಕಾರಣ. ಅಮ್ಮಂಗೂ ಅದು ಗೊತ್ತು. ‘ಅದಕ್ಕೆ ಪಾಪ ಬೈಬೇಡ, ನಿನ್ ಥರಾನೇ ಇದೆ’ ಅಂದ್ರು ಅವತ್ತು.

ಈಗ ಏಜೆಂಟ್ ಅಮ್ಮಂಗೆ ಮೆಸೇಜ್ ಹಾಕಲ್ಲ. ಮುಂದಿನ ಟೆಸ್ಟಿಗೆ ಅದು ಬರೆದುಕೊಂಡಿರೋ ಚೀಟಿ ನಿನ್ನೆ ತೆಗೆದು ನೋಡಿದೆ: ‘ಬೆಳಗ್ಗೆ 5:45, ಭಾರತದ ಸಮಯ. ಅಮ್ಮನ ಖಾಲಿ ಹೊಟ್ಟೆಯ ಶುಗರ್ ಟೆಸ್ಟ್ ಇವತ್ತು. ಮಗಳನ್ನ ಎಬ್ಬಿಸು. ಅವಳು ಅಮ್ಮಂಗೆ ಫೋನ್ ಮಾಡಬೇಕು. ಮೂರು ಸಲ ಪ್ರಯತ್ನಿಸು.’