ದೂರದೃಷ್ಟಿಗೆ ಕಾನೂನಿನ ಬೇಲಿ: ನಾರ್ವೆಯ ಕತೆ

ಒಂದು ದೇಶಕ್ಕೆ ದಿಢೀರ್ ಅಂತ ತೈಲ ಸಿಕ್ಕಿದರೆ ಏನಾಗುತ್ತೆ? ವೆನೆಜುವೆಲಾ, ನೈಜೀರಿಯಾ ಕಡೆ ನೋಡಿ. ಬಂದ ದುಡ್ಡೆಲ್ಲ ಎಲ್ಲಿ ಹೋಯ್ತು ಅಂತ ಅಲ್ಲಿನ ಜನರೇ ಕೇಳ್ತಿದ್ದಾರೆ. ನಾರ್ವೆಯಲ್ಲಿ ಹಾಗಾಗಲಿಲ್ಲ. ‘ಅವರು ಹುಟ್ಟಿನಿಂದಲೇ ಮುಂದಾಲೋಚನೆಯವರು ಬಿಡಿ’ ಅನ್ನೋರಿದ್ದಾರೆ. ನನಗೇನೋ ಅದು ಸೋಮಾರಿ ಉತ್ತರ ಅನ್ಸುತ್ತೆ. ಮುಂದಾಲೋಚನೆಯನ್ನ ಅವರು ಮೊದಲು ಕಾನೂನು ಮಾಡಿಟ್ಟರು. ಅದು ಜನರ ರೂಢಿ ಆಗಿದ್ದು ಆಮೇಲೆ.

ತೈಲಕ್ಕಿಂತ ಮುಂಚೆ ಅಲ್ಲಿ ಜಲಪಾತಗಳ ಗಲಾಟೆ ನಡೀತು. 1905ರಲ್ಲಿ ಸ್ವೀಡನ್ನಿನಿಂದ ಬೇರೆಯಾದ ಹೊಸತು. ವಿದ್ಯುತ್ ತೆಗೆಯೋಕೆ ಅಂತ ವಿದೇಶಿ ಬಂಡವಾಳದವರು ಜಲಪಾತಗಳನ್ನೇ ಕೊಳ್ಳೋಕೆ ಶುರು ಮಾಡಿದರು. 1909ರಲ್ಲಿ ಕಾನೂನು ಬಂತು: ಖಾಸಗಿ ಕಂಪನಿಗೆ ಲೈಸೆನ್ಸ್ ಉಂಟು, ಆದರೆ 60–80 ವರ್ಷ ಆದ ಮೇಲೆ ಜಲಪಾತ, ಅಣೆಕಟ್ಟು, ಯಂತ್ರ ಎಲ್ಲ ಸರ್ಕಾರಕ್ಕೆ, ಬಿಡಿಗಾಸು ಪರಿಹಾರ ಇಲ್ಲದೆ. ಅದಕ್ಕೆ ಕೈ ಎತ್ತಿದವರಲ್ಲಿ ಎಷ್ಟು ಜನ ಅದರ ಲಾಭ ಕಣ್ಣಾರೆ ನೋಡಿರಬಹುದು?

ಈಗ ತೈಲದ ಕತೆಗೆ, 1968ಕ್ಕೆ ಬನ್ನಿ. ಫಾರೂಕ್ ಅಲ್ ಖಾಸಿಮ್ ಅಂತ ಇರಾಕಿನ ಭೂವಿಜ್ಞಾನಿ, ಹೆಂಡತಿ ನಾರ್ವೆಯವರು. ಮಗನ ಚಿಕಿತ್ಸೆಗೋಸ್ಕರ ಒಳ್ಳೆ ಕೆಲಸ ಬಿಟ್ಟು ಓಸ್ಲೋಗೆ ಬಂದಿಳಿದರು. ಹೆಂಡತಿಯ ಊರಿಗೆ ರೈಲು ಇದ್ದಿದ್ದು ಸಂಜೆಗೆ. ಸುಮ್ನೆ ಕೂರೋ ಬದಲು ಕೈಗಾರಿಕಾ ಸಚಿವಾಲಯಕ್ಕೆ ಹೋಗಿ, ಇಲ್ಲಿ ಯಾವ ತೈಲ ಕಂಪನಿಗಳಿವೆ ಅಂತ ವಿಚಾರಿಸಿದರು. ಅಲ್ಲೋ, ಉತ್ತರ ಸಮುದ್ರದ ತೈಲ ಹುಡುಕಾಟದ ಮಾಹಿತಿ ರಾಶಿ ಬಿದ್ದಿದೆ, ಓದಬಲ್ಲವರಿಲ್ಲ! ಅವರನ್ನೇ ಕೆಲಸಕ್ಕೆ ಹಿಡಿದುಕೊಂಡರು. 1969ರಲ್ಲಿ ಎಕೋಫಿಸ್ಕ್ ತೈಲಕ್ಷೇತ್ರ ಸಿಕ್ತು. ತೈಲ ತೆಗೆಯೋರು ಒಬ್ಬರು, ಮೇಲೆ ಕಣ್ಣಿಡೋರು ಇನ್ನೊಬ್ಬರು ಅನ್ನೋ ವ್ಯವಸ್ಥೆ ರೂಪಿಸೋದರಲ್ಲಿ ಈ ಇರಾಕಿಗನದು ದೊಡ್ಡ ಪಾತ್ರ.

1990ರಲ್ಲಿ ತೈಲ ನಿಧಿಯ ಕಾನೂನು, 1996ರಲ್ಲಿ ಮೊದಲ ಕಂತು. ದುಡ್ಡೆಲ್ಲ ಹೊರದೇಶದಲ್ಲೇ ಹೂಡಬೇಕು. ಊರಲ್ಲೇ ಸುರಿದರೆ ಬೆಲೆ ಏರಿ ಬೇರೆ ಕಸುಬುಗಳು ನೆಲಕಚ್ಚುತ್ತವೆ. 2001ರಲ್ಲಿ ಇನ್ನೊಂದು ಗೆರೆ: ವರ್ಷಕ್ಕೆ ನಿಧಿಯ ಸುಮಾರು 4% ಮಾತ್ರ ಬಜೆಟ್ಟಿಗೆ. 2017ರಲ್ಲಿ ಅದನ್ನೂ 3%ಗೆ ಇಳಿಸಿದರು. ಬೆಂಗಳೂರಿನ ಅರ್ಧದಷ್ಟೂ ಜನ ಇಲ್ಲದ ದೇಶ ಇವತ್ತು ಜಗತ್ತಿನ ಷೇರುಪೇಟೆಗಳ ಕಂಪನಿಗಳಲ್ಲಿ ಸರಾಸರಿ 1.5%ರಷ್ಟು ಪಾಲು ಇಟ್ಟುಕೊಂಡಿದೆ. ಖರ್ಚು ಜಾಸ್ತಿ ಮಾಡಿ ಅನ್ನೋ ಪಕ್ಷಗಳು ಅಲ್ಲೂ ಇವೆ. ಆದರೆ ಅವರ ಜಗಳವೂ ಆ ಗೆರೆಯ ಆಸುಪಾಸಿನಲ್ಲೇ. ಸಂಸ್ಕೃತಿ ಅಂದರೆ ನನ್ನ ಪ್ರಕಾರ ಇದೇ: ಜಗಳ ಆಡೋಕೂ ಒಂದು ಎಲ್ಲೆ.

ಕಲೆಗೂ ಈ ಮುಂದಾಲೋಚನೆ ಇಳಿದಿದೆ. 2014ರಲ್ಲಿ ಓಸ್ಲೋ ಹೊರಗಿನ ಕಾಡಲ್ಲಿ 1000 ಗಿಡ ನೆಟ್ಟರು. ವರ್ಷಕ್ಕೊಬ್ಬ ಲೇಖಕರು ಒಂದು ಹಸ್ತಪ್ರತಿ ಕೊಡ್ತಾರೆ, ಮೊದಲನೆಯವರು ಮಾರ್ಗರೆಟ್ ಅಟ್ವುಡ್. ಓದೋದು 2114ರಲ್ಲಿ, ಅದೇ ಮರಗಳ ಕಾಗದದ ಮೇಲೆ ಅಚ್ಚಾದ ಮೇಲೆ. ಚೆಂದದ ಯೋಚನೆ, ಆದರೂ ನನ್ನ ಮೆಚ್ಚುಗೆ ಆ ಒಣ ಬಜೆಟ್ ನಿಯಮಕ್ಕೇ.

ಹಾಗಂತ ಹುಳುಕಿಲ್ಲ ಅಂತಲ್ಲ. ನಾಳೆಗೆ ಕೂಡಿಟ್ಟ ದುಡ್ಡು ಬಂದಿದ್ದೇ ನಾಳೆಯ ಹವಾಮಾನ ಕೆಡಿಸೋ ತೈಲದಿಂದ. ಪರಿಸರ ಮುಂದಿನ ಪೀಳಿಗೆಗೂ ಉಳೀಬೇಕು ಅನ್ನುತ್ತೆ ಅವರ ಸಂವಿಧಾನದ 112ನೇ ವಿಧಿ. ಅದನ್ನೇ ಹಿಡಿದು 2016ರಲ್ಲಿ ಪರಿಸರ ಸಂಘಟನೆಗಳು, ಬ್ಯಾರೆಂಟ್ಸ್ ಸಮುದ್ರದ ತೈಲ ಲೈಸೆನ್ಸ್ ರದ್ದು ಮಾಡಿ ಅಂತ ಕೋರ್ಟಿಗೆ ಹೋದವು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರ ತೀರ್ಪು ಕೊಡ್ತು. ತೈಲ ತೆಗೆಯೋದು ನಡೀತಾನೇ ಇದೆ, ನಿಧಿ ತುಂಬ್ತಾನೇ ಇದೆ.