ನಿಂತು ಮಾತಾಡುವವರ ಲೆಕ್ಕ



ವಿಲಿಯಂ ವೈಟ್ ವಾಸ್ತುಶಿಲ್ಪಿಯಲ್ಲ, ಎಂಜಿನಿಯರೂ ಅಲ್ಲ, ಪತ್ರಕರ್ತ. ನ್ಯೂಯಾರ್ಕ್‌ನ ದೊಡ್ಡ ಕಟ್ಟಡಗಳ ಮುಂದೆ ಬಿಟ್ಟ ಬಯಲುಗಳಲ್ಲಿ ಕೆಲವು ಮಧ್ಯಾಹ್ನವಾದರೆ ಜನರಿಂದ ತುಂಬುತ್ತಿದ್ದವು, ಕೆಲವು ಭಣಗುಟ್ಟುತ್ತಿದ್ದವು. ಕಾರಣ ಹುಡುಕಲು 1970ರ ದಶಕದಲ್ಲಿ ಆತ ಕ್ಯಾಮೆರಾ ಇಟ್ಟು, ಮೂಲೆ ಮೂಲೆಯಲ್ಲಿ ಸಹಾಯಕರನ್ನು ನಿಲ್ಲಿಸಿದ. ಬಯಲಿನ ಅಳತೆ, ಆಕಾರಗಳಿಗಿಂತ ಕೂರಲು ಜಾಗ ಇದೆಯೇ ಎಂಬುದೇ ಮುಖ್ಯ ಎಂದು ಗೊತ್ತಾಯಿತು.

ಆ ಚಿತ್ರಗಳಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಪರಿಚಿತರಿಬ್ಬರು ಪಾದಚಾರಿ ಮಾರ್ಗದಲ್ಲಿ ಎದುರಾದರೆ ಮಾತಿಗೆ ಪಕ್ಕಕ್ಕೆ ಸರಿಯುತ್ತಾರೆ ಎಂದು ಯಾರಾದರೂ ಊಹಿಸುತ್ತಾರೆ. ಸರಿಯುವುದಿಲ್ಲ. ಜನ ಹರಿಯುವ ನಟ್ಟನಡುವೆಯೇ ನಿಲ್ಲುತ್ತಾರೆ, ಹೊರಟೆವು ಎನ್ನುತ್ತ ಮತ್ತೆ ಮಾತು ಮುಂದುವರಿಸುತ್ತಾರೆ.

ಆ ಫಿಲ್ಮುಗಳನ್ನು ಯಾರೂ ಎಸೆಯಲಿಲ್ಲ, ಪುಣ್ಯ. 2008ರಿಂದ 2010ರ ನಡುವೆ ಸಮಾಜವಿಜ್ಞಾನಿ ಕೀತ್ ಹ್ಯಾಂಪ್ಟನ್ ಬಳಗ ಅದೇ ಜಾಗಗಳಿಗೆ ಹೋಗಿ ಮತ್ತೆ ಚಿತ್ರೀಕರಿಸಿತು. ಎಂಐಟಿಯ ಸೆನ್ಸಿಬಲ್ ಸಿಟಿ ಲ್ಯಾಬ್ ಮತ್ತು ಸಹಸಂಶೋಧಕರು ಎರಡೂ ಕಾಲದ ಚಿತ್ರಗಳನ್ನು ಕಂಪ್ಯೂಟರಿಗೆ ಒಪ್ಪಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ನ್ಯೂಯಾರ್ಕ್, ಬಾಸ್ಟನ್, ಫಿಲಡೆಲ್ಫಿಯಾಗಳ ನಾಲ್ಕು ತಾಣಗಳಲ್ಲಿ ಮೂವತ್ತು ವರ್ಷದಲ್ಲಿ ನಡಿಗೆಯ ವೇಗ ಶೇ 15ರಷ್ಟು ಏರಿತ್ತು, ನಿಂತು ಕಾಲ ಕಳೆಯುವುದು ಶೇ 14ರಷ್ಟು ಇಳಿದಿತ್ತು. ಒಂಟಿಯಾಗಿ ನಡೆಯುವವರ ಪಾಲು ಶೇ 67ರಿಂದ 68ಕ್ಕೆ, ಅಂದರೆ ಇದ್ದಲ್ಲೇ ಇತ್ತು. ಆದರೆ ಬಂದವರಲ್ಲಿ ಅಲ್ಲೇ ಯಾರನ್ನಾದರೂ ಕೂಡಿಕೊಂಡವರು ಶೇ 5.5ರಿಂದ ಶೇ 2ಕ್ಕೆ ಕುಸಿದಿದ್ದರು. ನಿಂತು ಯೋಚಿಸಬೇಕಾದ ಅಂಕಿ ಇದು.

ಯಂತ್ರ ಮಾಡುವುದು ಇಷ್ಟೇ: ಚಿತ್ರದ ಪ್ರತಿ ಚೌಕಟ್ಟಿನಲ್ಲಿ ಮನುಷ್ಯರನ್ನು ಗುರುತಿಸಿ, ಒಬ್ಬೊಬ್ಬರ ಜಾಡು ಹಿಡಿದು, ಓರೆ ನೋಟವನ್ನು ನೆಲದ ನಕ್ಷೆಗೆ ಇಳಿಸಿ, ದೂರವನ್ನು ಸಮಯದಿಂದ ಭಾಗಿಸುವುದು. ಇದಕ್ಕೆ ಯಾರ ಮುಖವೂ, ಹೆಸರೂ ಬೇಕಿಲ್ಲ. ಮೊದಲು ಕಣ್ಣಲ್ಲಿ ನೋಡುತ್ತ ಕೈಯಲ್ಲಿ ಬರೆದುಕೊಳ್ಳಬೇಕಿದ್ದ ಲೆಕ್ಕ ಬೇಗ ಮುಗಿಯುತ್ತದೆ. ಜನ ಯಾಕೆ ಅವಸರದಲ್ಲಿದ್ದಾರೆ ಎಂದು ಮಾತ್ರ ಅದು ಹೇಳದು. ಮೊಬೈಲೋ, ಕೆಲಸದ ಒತ್ತಡವೋ, ಮಾತುಕತೆ ಕಾಫಿ ಅಂಗಡಿಯೊಳಕ್ಕೆ ಸರಿಯಿತೋ, ಬೀದಿಗೆ ಹೋಗಿ ಕೇಳಬೇಕು.

ಬೆಂಗಳೂರಿನ ಸಿಗ್ನಲ್‌ಗಳಲ್ಲೂ ಈಗ ಕ್ಯಾಮೆರಾಗಳಿವೆ. ವಾಹನ ಎಣಿಸುತ್ತವೆ, ಹೆಲ್ಮೆಟ್ ಇಲ್ಲದವರನ್ನು ಹಿಡಿಯುತ್ತವೆ. ನಡೆಯುವವರ ಕಡೆ ನೋಡಿದ್ದೂ ಉಂಟು: 2020ರ ನವೆಂಬರಿನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟ್‌ನಲ್ಲಿ ವಾರಾಂತ್ಯಕ್ಕೆ ವಾಹನ ತಡೆದಾಗ ಭಾರತೀಯ ವಿಜ್ಞಾನ ಸಂಸ್ಥೆಯವರು ಗಾಳಿಯ ಗುಣಮಟ್ಟ ಅಳೆದರು, ಬಂದವರ ಅಭಿಪ್ರಾಯ ಕೇಳಿದರು. ಅಂಥ ಅಧ್ಯಯನ ನಮ್ಮಲ್ಲಿ ತೀರಾ ಕಡಿಮೆ. ವಾಹನವನ್ನೇ ಎಣಿಸುವ ಊರಿನಲ್ಲಿ ರಸ್ತೆ ಅಗಲವಾಗುತ್ತದೆ, ಕಲ್ಲುಬೆಂಚು ಮಾಯವಾಗುತ್ತದೆ.

ಪದವೀಧರರೇ, ನಿಮ್ಮಲ್ಲಿ ಕೆಲವರು ನಾಳೆ ಇಂಥ ಕ್ಯಾಮೆರಾಗಳಿಗೆ ತಂತ್ರಾಂಶ ಬರೆಯುತ್ತೀರಿ, ಕೆಲವರು ಪಾಲಿಕೆಯಲ್ಲಿ ಕೂತು ಅದಕ್ಕೆ ಟೆಂಡರ್ ಕರೆಯುತ್ತೀರಿ. ಬಸ್ಸಿಗೆ ಕಾಯುವವರನ್ನು, ಹೂವಿನವರ ಮುಂದೆ ಚೌಕಾಸಿ ಮಾಡುವವರನ್ನು, ಸುಮ್ಮನೆ ಕೂತವರನ್ನು ಕೂಡ ಆ ಲೆಕ್ಕಕ್ಕೆ ಸೇರಿಸಿ. ಮುಖಗಳನ್ನು ಅಳಿಸಿ, ಎಣಿಕೆಯನ್ನು ಮುಂದಿನವರಿಗಾಗಿ ಜೋಪಾನವಾಗಿಡಿ.