ಬಿಟ್ಟ ಭೂಮಿಯೂ ಬೆಳೆಸಿದ ಕಾಡೂ
(ಶತಮಾನೋತ್ಸವದ ಕೃಷಿಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಿರಿಯರು ನೆಟ್ಟ ಹಲಸು ಮಾವುಗಳ ಫಲವನ್ನು ನಾವಿಂದು ಉಣ್ಣುತ್ತಿದ್ದೇವೆ. ನಮ್ಮ ಮಕ್ಕಳಾದರೋ ಪರವೂರುಗಳಲ್ಲಿ ನೆಲೆಸಿದ್ದಾರೆ. ಹಿತ್ತಿಲುಗಳು ಒಂದೊಂದಾಗಿ ಹಾಳು ಬೀಳುತ್ತಿವೆ. “ಆಳುಗಳಿಲ್ಲ, ಅದರ ಪಾಡಿಗೆ ಬಿಟ್ಟರೆ ತಾನೇ ಕಾಡಾದೀತು” ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಈ ಸಮಾಧಾನ ಸರಿಯೇ? ಜಪಾನಿನ ರೈತರೊಬ್ಬರ ಅನುಭವ ಇದಕ್ಕೆ ಉತ್ತರ ಕೊಡುತ್ತದೆ.

ಮಸನೊಬು ಫುಕುವೋಕ (1913–2008) ಅವರ ಊರು ಶಿಕೋಕು ದ್ವೀಪದಲ್ಲಿದೆ. ಅದು ಉಪೋಷ್ಣವಲಯದ ಹವೆಯ, ಕಿತ್ತಳೆ ಬೆಳೆಯುವ ನಾಡು. ಸಸ್ಯರೋಗಗಳನ್ನು ಅಭ್ಯಸಿಸಿದ್ದ ಅವರು ತಾರುಣ್ಯದಲ್ಲೇ ಸರಕಾರಿ ಉದ್ಯೋಗವನ್ನು ತ್ಯಜಿಸಿ ಊರಿಗೆ ಮರಳಿ, ತಂದೆಯ ಕಿತ್ತಳೆ ತೋಟದ ಹೊಣೆ ಹೊತ್ತರು. ಪ್ರಕೃತಿಯೇ ಎಲ್ಲವನ್ನೂ ನೋಡಿಕೊಳ್ಳುವುದೆಂದು ನಂಬಿ ಕೊಂಬೆ ಸವರುವುದನ್ನು ನಿಲ್ಲಿಸಿಬಿಟ್ಟರು. ಫಲವೇನಾಯಿತು? ಕೊಂಬೆಗಳು ಹೆಣೆದುಕೊಂಡವು, ಕೀಟಗಳು ಮುತ್ತಿದವು, ತೋಟ ಒಣಗಿಹೋಯಿತು. ಮನುಷ್ಯನ ಕತ್ತರಿಗೆ ಒಗ್ಗಿದ್ದ ಮರವನ್ನು ಹಠಾತ್ತನೆ ಕೈಬಿಡುವುದು ಸಹಜ ಕೃಷಿಯಲ್ಲ, ಅದು ಬರಿಯ ಪರಿತ್ಯಾಗವೆಂಬುದನ್ನು ಅವರು ಹೀಗೆ ಕಲಿತರು.

ಯುದ್ಧಾನಂತರ ಅವರು ಗುಡ್ಡದ ತೋಟವನ್ನು ಹೊಸದಾಗಿ ಕಟ್ಟತೊಡಗಿದರು. ಗುದ್ದಲಿ ಇಳಿಯದ ಗಟ್ಟಿ ಕೆಂಪು ಜೇಡಿ ನೆಲವದು. ಮೊದಲು ಹುಲ್ಲು, ಸೊಪ್ಪು, ಮರದ ದಿಮ್ಮಿಗಳನ್ನು ಹೊತ್ತು ತಂದು ಹೂಳಿದರು. ಶ್ರಮ ಹೆಚ್ಚು, ಲಾಭ ಕಡಿಮೆ. ಆಮೇಲೆ ಗೊಬ್ಬರವನ್ನು ನೆಲದಲ್ಲೇ ಬೆಳೆಸುವ ಉಪಾಯ ಹುಡುಕಿದರು. ಕಿತ್ತಳೆಗಳ ನಡುವೆ ಅಲ್ಲಲ್ಲಿ ಅಕೇಶಿಯ ಜಾತಿಯ ಮರಗಳನ್ನು ನೆಟ್ಟರು. ಅವುಗಳ ಬೇರು ಆಳಕ್ಕಿಳಿದು ಮಣ್ಣನ್ನು ಸಡಿಲಿಸಿತು, ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸಿತು. ಕೆಲವು ವರ್ಷಗಳ ತರುವಾಯ ಅವನ್ನು ಕಡಿದು ಬೇರನ್ನು ಮಣ್ಣಲ್ಲೇ ಕೊಳೆಯಬಿಟ್ಟರು. ನೆಲದ ಹೊದಿಕೆಗೆ ಬಿಳಿ ಕ್ಲೋವರ್ ಬೆಳೆಸಿದರು, ಮೂಲಂಗಿ ಮೊದಲಾದ ತರಕಾರಿಗಳ ಬೀಜ ಎರಚಿದರು. ಹೀಗೆ ಒಂದೇ ನೆಲದಲ್ಲಿ ಎತ್ತರದ ಮರ, ಹಣ್ಣಿನ ಮರ, ತರಕಾರಿ, ಹೊದಿಕೆ ಸಸ್ಯಗಳು ಕೂಡಿ ಬಾಳಿದವು.

1975ರಲ್ಲಿ ಜಪಾನೀ ಭಾಷೆಯಲ್ಲೂ 1978ರಲ್ಲಿ ಇಂಗ್ಲಿಷಿನಲ್ಲೂ ಅವರ ಗ್ರಂಥ ಪ್ರಕಟವಾಯಿತು. ಅದೇ 1978ರಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಅವರ ಪುಸ್ತಕ ಹೊರಬಂದು, ‘ಪರ್ಮಾಕಲ್ಚರ್’ ಎಂಬ ಹೆಸರು ಪ್ರಸಿದ್ಧಿಗೆ ಬಂತು. ಆಹಾರದ ಕಾಡು ಇಂದು ಆ ವಿಚಾರದ ಮುಖ್ಯ ಅಂಗವಾಗಿದೆ. ಫುಕುವೋಕರಿಗೆ 1988ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಕರಾವಳಿಯ ನಮಗೆ ಈ ಅಂತಸ್ತಿನ ಕೃಷಿ ಅಪರಿಚಿತವೇನಲ್ಲ. ಅಡಿಕೆಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಬಾಳೆ, ಅದರ ನೆರಳಲ್ಲಿ ಕೆಸು, ಅರಿಸಿನ ಇವೆಲ್ಲ ನಮ್ಮ ಅಜ್ಜಂದಿರ ವಿದ್ಯೆ. ಆದರೆ ಶಿಕೋಕುವಿನ ಮರಗಳನ್ನೇ ಇಲ್ಲಿ ನೆಡಬೇಕೆಂದಿಲ್ಲ. ನಮ್ಮ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದರಿಂದ ಮಣ್ಣು ಕೊಚ್ಚಿಹೋಗದಂತೆ ಮೊದಲು ಇಂಗುಕಣಿ ತೋಡಬೇಕು. ಬೇಲಿಯಲ್ಲಿ ಗ್ಲಿರಿಸೀಡಿಯಾ ನೆಟ್ಟು, ವರ್ಷವರ್ಷವೂ ಸವರಿ ಸೊಪ್ಪನ್ನು ಬುಡಕ್ಕೆ ಹಾಕಬೇಕು. ತರಗೆಲೆಗೆ ಬೆಂಕಿಯಿಡಬಾರದು. ಎಳೆಯ ಸಸಿಗೆ ಮೊದಲ ಬೇಸಗೆಗಳಲ್ಲಿ ನೀರು ಕೊಡಲೇಬೇಕು. ಕಾಲ ಕಳೆದಂತೆ ದುಡಿಮೆ ಇಳಿಯುತ್ತದೆ. ಆದರೆ ಆರಂಭದ ದುಡಿಮೆಗೆ ಬದಲಿಯಿಲ್ಲ.

ಬಂಧುಗಳೇ, ಮಕ್ಕಳು ಊರಿಗೆ ಮರಳುವರೋ ಇಲ್ಲವೋ ದೇವರೇ ಬಲ್ಲ. ಮರಳಿದ ದಿನ ಅವರನ್ನು ಎದುರುಗೊಳ್ಳುವುದು ಮುಳ್ಳುಪೊದೆಯೋ ಫಲವೃಕ್ಷವೋ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಈ ಮಳೆಗಾಲದಲ್ಲಿ ಮನೆಗೊಂದು ಹಲಸು ನೆಡೋಣ. ನೆಟ್ಟು ಬಿಟ್ಟುಬಿಡದೆ, ಅದು ತನ್ನ ಕಾಲಮೇಲೆ ನಿಲ್ಲುವ ತನಕ ಸಾಕೋಣ.